ಕೋಳಿಯ ಅಂಗಳಕ್ಕೆ ಏನು ಹಾಸುವುದು?

ಗೃಹಪ್ರವೇಶದ ಊಟ ಮುಗಿಸಿ ಮರಳುವ ದಾರಿಯಲ್ಲಿ ನಾವು ಹೋಳಿಗೆಯ ರುಚಿಯನ್ನು ಮರೆತೇವು, ಮನೆಯೊಡೆಯನ ಹೆಸರನ್ನೂ ಮರೆತೇವು. ಆತ ನೆಲಕ್ಕೆ ಏನು ಹಾಕಿಸಿದ್ದಾನೆಂಬುದನ್ನು ಮಾತ್ರ ಮರೆಯುವುದಿಲ್ಲ. ಗ್ರಾನೈಟು ಕಣ್ಣು ಕುಕ್ಕುತ್ತದೆ, ಟೈಲ್ಸು ಜಾರುತ್ತದೆ, ಕೆಂಪು ಕಾವಿಯ ನೆಲ ಸೊಗಸಾದದ್ದೇ, ಆದರೆ ಅದನ್ನು ಉಜ್ಜಿ ಹೊಳಪು ತರುವ ಕೈಗಳು ಈಗೆಲ್ಲಿವೆ ಎಂದು ಮುಂತಾಗಿ ಬಸ್ಸು ಬರುವವರೆಗೂ ವಿಮರ್ಶೆ ನಡೆಯುತ್ತದೆ. ನಾನೂ ಹೊಳೆನರಸೀಪುರದಲ್ಲಿ ಮನೆ ಕಟ್ಟಿಸಿದಾಗ ಈ ವಿಷಯವಾಗಿ ನಾಲ್ಕು ತಿಂಗಳು ಗಹನವಾದ ಚಿಂತನೆ ನಡೆಸಿ, ಕೊನೆಗೆ ಮೇಸ್ತ್ರಿ ಹೇಳಿದ್ದನ್ನೇ ಹಾಕಿಸಿದೆ. ಅಲ್ಲಿಗೆ ನನ್ನ ಬಾಳಿನಲ್ಲಿ ನೆಲದ ಸಮಸ್ಯೆ ಮುಗಿಯಿತೆಂದುಕೊಂಡಿದ್ದೆ. ಕೋಳಿಗೂ ಒಂದು ನೆಲ ಬೇಕಾಗುತ್ತದೆ, ಅದಕ್ಕೂ ಏನನ್ನಾದರೂ ಆರಿಸಿ ಹಾಸಬೇಕಾಗುತ್ತದೆ ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ಇದನ್ನು ಹೇಳಿಕೊಳ್ಳಲು ನನಗೆ ಕೊಂಚ ಸಂಕೋಚವೇ. ಏಕೆಂದರೆ ನಾನು ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಭೂಗೋಳ ಬೋಧಿಸಿದವನು. ಕಪ್ಪು ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಂಪು ಮಣ್ಣು ಬಸಿದುಬಿಡುತ್ತದೆ, ಜಂಬಿಟ್ಟಿಗೆ ಮಣ್ಣು ಇಂಥಲ್ಲಿ ಸಿಗುತ್ತದೆ ಎಂದು ಸಾವಿರಾರು ಮಕ್ಕಳಿಂದ ಉರುಹೊಡೆಸಿದ ನಾಲಗೆ ಇದು. ಅಂಥವನಿಗೆ ತನ್ನದೇ ಹಿತ್ತಲಿನ ಹನ್ನೆರಡಡಿ ಅಗಲ, ಇಪ್ಪತ್ತಡಿ ಉದ್ದದ ಮಣ್ಣು ಒಂದು ಇಡೀ ಮಳೆಗಾಲ ಪಾಠ ಹೇಳಿತು. ಕೇಳಿ ಸ್ವಾಮಿ, ನಗುವುದಿದ್ದರೆ ಧಾರಾಳವಾಗಿ ನಗಿ, ನಾನು ಈಗ ನಗುತ್ತಿದ್ದೇನೆ.

ಕೋಳಿಗಳು ನಮ್ಮ ಮನೆಗೆ ಬಂದದ್ದು ಹಳೇಕೋಟೆಯಿಂದ. ಅದು ನನ್ನ ಹೆಂಡತಿ ಸುಶೀಲಳ ತವರು. ಅಲ್ಲಿ ನಮ್ಮ ಅತ್ತೆ ಬದುಕಿದ್ದಷ್ಟು ಕಾಲವೂ ನಾಟಿ ಕೋಳಿ ಸಾಕಿದರು. ಎಂದೂ ಸಂತೆಯಿಂದ ಮರಿ ತಂದವರಲ್ಲ, ತಮ್ಮ ಮನೆಯ ಮೊಟ್ಟೆಯನ್ನೇ ಕಾವಿಗಿಟ್ಟು, ಅದರ ಮರಿಗಳಲ್ಲಿ ಒಳ್ಳೆಯದನ್ನು ಉಳಿಸಿಕೊಂಡು ಬಂದವರು. ಅವರು ತೀರಿಕೊಂಡು ಎಲ್ಲ ಕಾರ್ಯ ಮುಗಿದ ಮೇಲೆ ಅಣ್ಣಂದಿರು ತಂಗಿಯನ್ನು ಕೂರಿಸಿಕೊಂಡು, ಅವ್ವನ ನೆನಪಿಗೆ ನಿನಗೇನು ಬೇಕೋ ತೆಗೆದುಕೋ ಎಂದರು. ಅಡುಗೆಮನೆಯಲ್ಲಿ ಹಿತ್ತಾಳೆಯ ಕೊಳಗವಿತ್ತು, ಬೀರುವಿನಲ್ಲಿ ರೇಷ್ಮೆ ಸೀರೆಯಿತ್ತು. ಸುಶೀಲ ಹಿತ್ತಲ ಕಡೆ ಕೈ ತೋರಿಸಿ, "ನಂಗೆ ಅವ್ವನ ಬೂದು ಹ್ಯಾಟೆ ಕೊಡಿ, ಸಾಕು" ಅಂದಳು. ಅತ್ತೆ ಕೈಯಾರೆ ಕಾವಿಗೆ ಕೂರಿಸಿ ಮರಿ ಮಾಡಿಸಿದ ಕೊನೆಯ ಹೇಂಟೆ ಅದು. ಕಾರಿನ ಹಿಂದಿನ ಸೀಟಿನಲ್ಲಿ, ಬಿದಿರು ಬುಟ್ಟಿಯಲ್ಲಿ ಕೂತು ಅದು ನಮ್ಮಲ್ಲಿಗೆ ಬಂತು. ವರ್ಷ ತುಂಬುವುದರೊಳಗೆ ನಾಲ್ಕು ಹೆಣ್ಣುಮಕ್ಕಳನ್ನೂ ಒಬ್ಬ ಅಹಂಕಾರಿ ಹುಂಜನನ್ನೂ ಕೊಟ್ಟಿತು.

ನಾವೇನೂ ಸಸ್ಯಾಹಾರಿಗಳಲ್ಲ. ಭಾನುವಾರ ನಾನು ಅಂಗಡಿಯಿಂದ ತಂದ ಕೋಳಿಯ ಸಾರನ್ನು ಸುಶೀಲ ಮುದ್ದೆಯೊಂದಿಗೆ ಉಂಡು, ಕೈ ತೊಳೆದು, ನೇರ ಹಿತ್ತಲಿಗೆ ಹೋಗಿ ತನ್ನ ಕೋಳಿಗಳಿಗೆ ರಾಗಿ ಎರಚಿ ಅವುಗಳೊಡನೆ ಕಷ್ಟಸುಖ ಮಾತಾಡುತ್ತಾಳೆ. ಇದರಲ್ಲಿ ತರ್ಕವೆಲ್ಲಿದೆ ಎಂದು ಕೇಳುವಷ್ಟು ಧೈರ್ಯ ನನಗೆ ಬಂದಿಲ್ಲ. ಅವು ಮಾಂಸದ ಲೆಕ್ಕಕ್ಕೆ ಸೇರಿದ ಕೋಳಿಗಳಲ್ಲ ಎಂಬುದು ನಮ್ಮ ಮನೆಯ ಅಲಿಖಿತ ಸಂವಿಧಾನ.

ಹಳೇಕೋಟೆಯಲ್ಲಿ ಕೋಳಿಯ ಕಾಲಡಿ ಏನಿರಬೇಕೆಂದು ಯಾರೂ ಯೋಚಿಸಿದವರಲ್ಲ. ಅಲ್ಲಿ ಕೋಳಿಗೆ ಊರೇ ನೆಲ. ಬೆಳಗ್ಗೆ ತಿಪ್ಪೆ, ಮಧ್ಯಾಹ್ನ ಬಣವೆಯ ನೆರಳು, ಸಂಜೆ ಕಣದ ಅಂಚು. ಒಂದೆಡೆ ಕೆರೆದು ಬೇಸರವಾದರೆ ಇನ್ನೊಂದೆಡೆಗೆ ನಡೆಯುತ್ತದೆ, ಬಿಟ್ಟ ಜಾಗದಲ್ಲಿ ವಾರದೊಳಗೆ ಹುಲ್ಲು ಚಿಗುರುತ್ತದೆ. ಪೇಟೆಯಲ್ಲಿ ನಾಯಿಗಳ ಭಯ, ಮುಂಗುಸಿಯ ಭಯ, ಅಕ್ಕಪಕ್ಕದವರ ಹೂಗಿಡದ ಭಯ. ಆದ್ದರಿಂದ ನಾನು ಸುತ್ತ ತಂತಿಬಲೆ ಕಟ್ಟಿಸಿ, ಮೂಲೆಯಲ್ಲಿ ಗೂಡು ಮಾಡಿಸಿ, ಬಾಗಿಲಿಗೆ ಚಿಲಕವಿಟ್ಟು ಬಂದೋಬಸ್ತು ಮಾಡಿದೆ. ಬಂದೋಬಸ್ತು ಎಷ್ಟು ಚೆನ್ನಾಗಿತ್ತೆಂದರೆ, ಆರು ಕೋಳಿಗಳು ನಲವತ್ತೆಂಟು ಉಗುರುಗಳಿಂದ ಅದೇ ಜಾಗವನ್ನು ದಿನವಿಡೀ ಕೆರೆದು ಕೆರೆದು, ಒಂದು ತಿಂಗಳಲ್ಲಿ ಅಲ್ಲಿ ಹುಲ್ಲಿನ ಬೇರು ಕೂಡ ಉಳಿಯಲಿಲ್ಲ. ಮುಂಗಾರು ಬಿತ್ತು. ಅಂಗಳ ಕೆಸರಾಯಿತು, ಕೆಸರಿಗೆ ಹಿಕ್ಕೆ ಬೆರೆಯಿತು, ಹಿಕ್ಕೆಗೆ ಗಾಳಿ ಸೇರಿತು.

ಆ ಗಾಳಿ ಹೋಗಿ ಹೊಕ್ಕದ್ದು ಪಕ್ಕದ ಮನೆಯ ದೇವರ ಕೋಣೆಯನ್ನು. ಅಲ್ಲಿ ಶಾರದಮ್ಮನವರಿದ್ದಾರೆ, ಅವರ ಯಜಮಾನರು ತಲೆತಲಾಂತರದಿಂದ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆತನದವರು. ನಾವು ಇಲ್ಲಿಗೆ ಬಂದ ಹದಿನೆಂಟು ವರ್ಷಗಳಲ್ಲಿ ಅವರಿಂದ ಒಂದು ಬಿರುಸು ಮಾತು ಕೇಳಿದವರಲ್ಲ. ಶಾರದಮ್ಮನವರು ಒಂದು ಬೆಳಗ್ಗೆ ಕಾಂಪೌಂಡಿನ ಆಚೆ ನಿಂತು ಬಹಳ ಹೊತ್ತು ಹವಾಮಾನದ ಬಗ್ಗೆ ಮಾತಾಡಿ, ಕೊನೆಗೆ ಸೆರಗು ಸರಿಮಾಡಿಕೊಂಡು ಹೇಳಿದರು:

"ಮೇಷ್ಟ್ರೇ, ಕೋಳಿ ಕೂಗಿದ್ರೆ ನಮಗೇನೂ ತೊಂದರೆ ಇಲ್ಲ, ನಮ್ಮನೆಯವರು ಅದಕ್ಕಿಂತ ಮುಂಚೇನೇ ಏಳ್ತಾರೆ. ವಾಸನೆ ಮಾತ್ರ ತಡೆಯೋಕಾಗ್ತಿಲ್ಲ. ಗೌರಿ ಹಬ್ಬಕ್ಕೆ ಮಗಳು, ಅಳಿಯ ಬರ್ತಾರೆ. ಅಷ್ಟರೊಳಗೆ ಏನಾದ್ರೂ ಮಾಡಿ. ಆಗದಿದ್ರೆ ಬೇರೆ ಎಲ್ಲಾದ್ರೂ ಬಿಡೋ ಏರ್ಪಾಟು ಮಾಡಿ, ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಲು ಅದರಲ್ಲೇನೂ ಇರಲಿಲ್ಲ, ನ್ಯಾಯವಾದ ಮಾತು. ಒಳಗೆ ಬಂದು ಹೇಳಿದಾಗ ಸುಶೀಲ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಎಲ್ಲಿ ಬಿಡಾದು? ಹಳೇಕೋಟೇಲಿ ಅತ್ತಿಗೆ ಸಾಕಾಕಿಲ್ಲ. ಬ್ಯಾರೆ ಯಾರ್ಗಾರ ಕೊಟ್ರೆ ಬರೋ ಭಾನುವಾರಕ್ಕೇ ಕುಯ್ಕೊಂಡು ತಿಂದ್ಬುಡ್ತಾರೆ" ಎಂದು ನನ್ನ ಮುಖ ನೋಡಿದಳು. ಗೌರಿ ಹಬ್ಬಕ್ಕೆ ಎರಡೂವರೆ ತಿಂಗಳಿತ್ತು. ಹನ್ನೆರಡಡಿ ಅಗಲದ ನೆಲವನ್ನು ಒಣಗಿಸಲು ಅಷ್ಟು ಕಾಲ ಬೇಕೇ? ಒಂದು ವಾರ ಸಾಕು ಎಂದು ಭರವಸೆ ಕೊಟ್ಟೆ. ಭರವಸೆ ಕೊಡುವುದರಲ್ಲಿ ನಾನು ಎಂದೂ ಕೈ ಬಿಗಿ ಹಿಡಿದವನಲ್ಲ.

ಮೊದಲು ಗರಿಕೆ ನೆಟ್ಟೆ. ನೆಲ ಹಿಡಿಯುವುದರಲ್ಲಿ ಗರಿಕೆಗೆ ಸಮಾನವಾದದ್ದಿಲ್ಲ ಎಂದು ತರಗತಿಯಲ್ಲಿ ಹೇಳಿದ್ದೆನಲ್ಲ, ಅದು ಸುಳ್ಳಾಗಬಾರದೆಂದು ಕೋಳಿಗಳನ್ನು ಹದಿನೈದು ದಿನ ಗೂಡಿನಲ್ಲೇ ಕೂಡಿಹಾಕಿ ಅದು ಬೇರು ಬಿಡುವವರೆಗೆ ಕಾದೆ. ಬಾಗಿಲು ತೆರೆದ ಮೇಲೆ ಗರಿಕೆ ನಾಲ್ಕು ದಿನ ಬದುಕಿತ್ತು. ಆಮೇಲೆ ಚಪ್ಪಡಿ ಕಲ್ಲು ಹಾಸಿಸಿದೆ. ಕೆಸರೇನೋ ಹೋಯಿತು, ಆದರೆ ಕೆರೆಯುವುದೇ ಕೋಳಿಯ ಧರ್ಮವಾದ್ದರಿಂದ ಅವು ಕಲ್ಲನ್ನೇ ಕೆರೆದವು, ಆ ಉಗುರಿನ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಮೂರನೆಯ ದಿನಕ್ಕೆ ಕೆರೆಯುವುದನ್ನೂ ಬಿಟ್ಟು, ತಪ್ಪಿದ ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ನಿಂತುಬಿಟ್ಟವು. ಸುಶೀಲ ಚಪ್ಪಡಿಗಳಲ್ಲಿ ಒಂದನ್ನು ಬಟ್ಟೆ ಒಗೆಯಲು ಎಳೆದುಕೊಂಡು ಹೋದಳು. ಉಳಿದವನ್ನು ನಾನೇ ಎಬ್ಬಿಸಿದೆ.

ಭತ್ತದ ಹೊಟ್ಟಿನದು ಬೇರೆಯೇ ಕಥೆ. ರೈಸ್‌ಮಿಲ್ಲಿನಿಂದ ಆರು ಮೂಟೆ ತಂದು ಹರಡಿದ ಸಂಜೆ ಅಂಗಳ ಹೊಂಬಣ್ಣದಿಂದ ಬೆಳಗಿತು. ಕೋಳಿಗಳೂ ಮೆಚ್ಚಿದವು. ಆದರೆ ಆಗ ಆಷಾಢ. ನಮ್ಮ ಕಡೆಯ ಆಷಾಢದ ಗಾಳಿಯ ಬಗ್ಗೆ ನಾನು ಪಾಠದಲ್ಲಿ ನೈರುತ್ಯ ಮಾರುತ ಎಂಬ ಗಂಭೀರ ಹೆಸರಿನಲ್ಲಿ ಮಾತಾಡಿದ್ದೆನೇ ಹೊರತು, ಅದು ಕೋಳಿ ತುಳಿದ ಹೊಟ್ಟನ್ನು ಹೊತ್ತೊಯ್ದು ಪಕ್ಕದ ಮನೆಯ ಯಜಮಾನರ ಮಡಿಪಂಚೆಗೆ ಅಕ್ಷತೆಯಂತೆ ಎರಚಬಲ್ಲದೆಂದು ಊಹಿಸಿರಲಿಲ್ಲ. ಅವರು ಅಂದು ಎರಡು ಸಲ ಸ್ನಾನ ಮಾಡಿದರೆಂದು ತಿಳಿಯಿತು.

ಆ ಹೊತ್ತಿಗೆ ನನ್ನ ಕೋಳಿಯ ಅಂಗಳ ಜಿಲ್ಲೆಯ ಗೆಳೆಯರಿಗೆಲ್ಲ ತಿಳಿದ ವಿಷಯವಾಗಿತ್ತು. ಚನ್ನರಾಯಪಟ್ಟಣದ ಸಹೋದ್ಯೋಗಿಯೊಬ್ಬರು ತೆಂಗಿನ ನಾರಿನ ಪುಡಿಯ ಮಹಿಮೆಯನ್ನು ಅರ್ಧ ಗಂಟೆ ವರ್ಣಿಸಿದರು. ಹಾಸನದಲ್ಲಿ ಮರದ ಮಿಲ್ಲಿನ ಪಕ್ಕ ಮನೆ ಮಾಡಿರುವವರೊಬ್ಬರು ಮರದ ಹೊಟ್ಟಿಗೆ ಸಾಟಿಯಿಲ್ಲ ಎಂದರು. ಕಬ್ಬು ಬೆಳೆಯುವ ಬಂಧುಗಳು ಒಣಗಿದ ಕಬ್ಬಿನ ಗರಿ ತಂದು ಸುರಿಯುತ್ತೇವೆ, ಜಾಗ ತೋರಿಸು ಎಂದರು. ಆಗ ನನಗೊಂದು ಭೌಗೋಳಿಕ ಸತ್ಯ ಹೊಳೆಯಿತು: ಯಾರ ಊರಿನಲ್ಲಿ ಯಾವುದು ರಾಶಿ ಬಿದ್ದು ಜಾಗ ತಿನ್ನುತ್ತಿದೆಯೋ ಅದೇ ಅವರ ಸಲಹೆ. ಸಲಹೆಗಳನ್ನು ಕೂಡಿಸಿ ಹಾಸನ ಜಿಲ್ಲೆಯ ಬೆಳೆಗಳ ಭೂಪಟ ಬರೆಯಬಹುದಿತ್ತು. ಇಷ್ಟು ಸೂಕ್ಷ್ಮವಾಗಿ ಅರಿತವನು ಎಚ್ಚರವಾಗಿರಬೇಕಿತ್ತಲ್ಲವೇ? ನಾನು ನಾರಿನ ಪುಡಿಯನ್ನೂ ತರಿಸಿದೆ. ಅದು ಮಳೆಯ ನೀರನ್ನೆಲ್ಲ ಕುಡಿದು, ಒಂದು ಹನಿಯನ್ನೂ ಬಿಟ್ಟುಕೊಡದೆ, ಅಂಬಲಿಯ ಹಾಗೆ ಕೂತಿತು. ಅದನ್ನೂ ಬಾಚಿ ತೆಂಗಿನ ಗಿಡದ ಬುಡಕ್ಕೆ ಹಾಕಿದೆ.

ಹಬ್ಬಕ್ಕೆ ಇನ್ನು ಮೂರು ವಾರ. ಆಗಲೇ ನಾನು ರಾಮನಾಥಪುರಕ್ಕೆ ಹೋದದ್ದು.

ಅಲ್ಲಿ ನನ್ನ ಚಿಕ್ಕಪ್ಪನ ಮಗ ನಿಂಗರಾಜು ಹೊಗೆಸೊಪ್ಪು ಬೆಳೆಯುತ್ತಾನೆ. ಎಲೆ ಬೇಯಿಸಿ ಹದ ಮಾಡುವ ಬ್ಯಾರನ್ ಮನೆಯ ಮೂಲೆಯಲ್ಲಿ ಹಿಂದಿನ ವರ್ಷದ ಪುಡಿ, ಕಡ್ಡಿ, ಮುರುಕಲು ಎಲೆ ಸೊಂಟದೆತ್ತರ ಬಿದ್ದಿತ್ತು. ಅದನ್ನು ನೋಡಿದ ಕ್ಷಣ ನನ್ನ ತಲೆಯಲ್ಲಿ ದೀಪ ಹೊತ್ತಿತು. ಕೋಳಿಯನ್ನು ಕಾವಿಗೆ ಕೂರಿಸುವಾಗ ಬುಟ್ಟಿಯ ತಳಕ್ಕೆ ಹೊಗೆಸೊಪ್ಪಿನ ಕಡ್ಡಿ ಹಾಕುವುದು ನಮ್ಮ ಕಡೆಯ ಹಳೆಯ ಪದ್ಧತಿ. ಇಪ್ಪತ್ತೊಂದು ದಿನ ಅಲುಗಾಡದೆ ಕೂರುವ ಕೋಳಿಗೆ ಹೇನು ಹತ್ತಬಾರದೆಂದು ಹಾಗೆ ಮಾಡುತ್ತಾರೆ. ನಮ್ಮ ಅತ್ತೆಯೂ ಹಾಕುತ್ತಿದ್ದರು. ಒಣಗಿದ್ದು, ಹಗುರಾದದ್ದು, ಆದರೂ ಗಾಳಿಗೆ ಹಾರದಷ್ಟು ತೂಕದ್ದು, ಹುಳು ಸೇರದ್ದು, ಮೇಲಾಗಿ ಪರಂಪರೆಯ ಸಮ್ಮತಿಯಿರುವುದು: ಇದನ್ನು ಬಿಟ್ಟು ನಾನು ಮೂರು ತಾಲ್ಲೂಕು ಸುತ್ತಿದೆನಲ್ಲಾ ಎಂದು ನನ್ನನ್ನೇ ಜರೆದುಕೊಂಡೆ. ನಿಂಗರಾಜುವಿಗೂ ಉತ್ಸಾಹ. "ಹೇನು ಗೀನು ಒಂದೂ ಸುಳಿಯಾಕಿಲ್ಲ ಕಣಣ್ಣ. ಓದ್ವರ್ಸದ್ದು ಸುಮ್ನೆ ಬಿದ್ದೈತೆ, ಎಲ್ಡು ಮೂಟೆ ತಗೊಂಡೋಗು" ಎಂದು ತಾನೇ ತುಂಬಿ, ಕಾರಿಗೆ ಹೊತ್ತು ಹಾಕಿದ.

ನಾನು ಮೂಟೆ ಬಿಚ್ಚುವುದನ್ನು ನೋಡಿ ಸುಶೀಲ ಬಾಗಿಲಲ್ಲೇ ನಿಂತಳು. "ಅವ್ವ ಆಕ್ತಿದ್ದದ್ದು ಒಂದಿಡಿ ಕಣ್ರೀ. ಅದೂ ಬುಟ್ಟಿ ತಳಕ್ಕೆ, ಹುಲ್ಲಿನ ಅಡಿಗೆ, ಮಳೆ ನೀರು ತಾಕದಂಗೆ. ಇಂಗೆಲ್ಲಾ ಹರವುತಿರ್ಲಿಲ್ಲ" ಅಂದಳು. ಒಂದು ಹಿಡಿಯಿಂದ ಅಷ್ಟು ಗುಣವಿದ್ದರೆ ಎರಡು ಮೂಟೆಯಿಂದ ಎಷ್ಟಿರಬೇಡ ಎಂದು ನಾನು ವಾದಿಸಿದೆ. ಆ ವಾದದಲ್ಲಿ ಗಣಿತವಿತ್ತು, ಅನುಭವವಿರಲಿಲ್ಲ. ಆದರೆ ನನ್ನ ಧ್ವನಿ ದೊಡ್ಡದು, ತರಗತಿಯಲ್ಲಿ ಕೊನೆಯ ಬೆಂಚಿಗೂ ಮುಟ್ಟಿದ ಧ್ವನಿ. ಅವಳು ಒಳಗೆ ಹೋದಳು.

ಐದು ದಿನ ನಾನು ರಾಜನಾಗಿದ್ದೆ. ಬಿಸಿಲಿತ್ತು. ನೆಲ ಒಣಗಿತ್ತು, ಹೊಗೆಸೊಪ್ಪಿನ ಘಾಟು ಹಿಕ್ಕೆಯ ವಾಸನೆಯನ್ನು ಅಡಗಿಸಿತ್ತು. ಕಾಂಪೌಂಡಿನ ಬಳಿ ಶಾರದಮ್ಮನವರನ್ನು ಕರೆದು, ಈಗ ಹೇಗಿದೆ ಎಂದು ಕೇಳಿದೆ. ಅವರು ಎರಡು ಸಲ ಸೀನಿ, ಮೊದಲಿಗಿಂತ ವಾಸಿ ಎಂದರು. ಆರನೆಯ ದಿನ ಮಧ್ಯಾಹ್ನ ಮೋಡ ಕವಿದು ಒಂದು ಗಂಟೆ ಸುರಿಯಿತು. ಕೋಳಿಗಳು ಕೆರೆದ ಗುಳಿಗಳಲ್ಲೆಲ್ಲ ಚಹದ ಬಣ್ಣದ ನೀರು ನಿಂತಿತು. ಮಳೆ ನಿಂತ ಮೇಲೆ ಅವು ಗೂಡಿನಿಂದ ಇಳಿದು ಬಂದು ಕುಡಿದವು. ನಾನು ಹಿತ್ತಲ ಜಗಲಿಯಲ್ಲಿ ಕೂತು ಅದನ್ನು ನೋಡುತ್ತಿದ್ದೆ. ನೋಡುತ್ತಿದ್ದೆ, ನನಗೆ ಏನೂ ತೋಚಲಿಲ್ಲ.

ಅರ್ಧ ಗಂಟೆಯಲ್ಲಿ ಹುಂಜ ಕುಡಿದವನಂತೆ ತೂರಾಡಿತು. ಎಳೆಯ ಹೇಂಟೆಯೊಂದು ರೆಕ್ಕೆ ಹರಡಿ ಬಿದ್ದು ಮತ್ತೆ ಏಳಲಿಲ್ಲ. ಬೂದು ಹೇಂಟೆ ಮೂಲೆಯಲ್ಲಿ ಕತ್ತು ವಾಲಿಸಿ ಕೂತಿತ್ತು. ಸುಶೀಲ ಒಳಗಿಂದ ಓಡಿಬಂದವಳು ನನ್ನ ಕಡೆ ನೋಡಲೂ ಇಲ್ಲ, ಅದನ್ನು ಮಡಿಲಿಗೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ಉಳಿದವನ್ನು ಬಚ್ಚಲುಮನೆಗೆ ಹೊತ್ತು ಹಾಕಿ ಪಶು ಆಸ್ಪತ್ರೆಗೆ ಓಡಿದೆ. ಅಲ್ಲಿನ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, "ಸಾರ್, ಹೊಗೆಸೊಪ್ಪು ನೆನೆಸಿದ ನೀರನ್ನ ಗಿಡದ ಹುಳ ಸಾಯ್ಲಿ ಅಂತ ಹೊಡೀತಾರೆ. ನೀವು ಅದನ್ನ ಕೋಳಿಗೆ ಹಾಸಿದ್ರಾ?" ಎಂದು ಕೇಳಿದ. ಅಂದು ಆ ಹುಡುಗನ ಮುಂದೆ ಕೊನೆಯ ಬೆಂಚಿನವನಾಗಿ ನಿಂತವನು ನಾನು. ಅವನೇ ಬಂದು ನೋಡಿ, ಮಾಡುವುದನ್ನು ಮಾಡಿ, ಬದುಕಿದರೆ ಎರಡು ದಿನದಲ್ಲಿ ಗೊತ್ತಾಗುತ್ತದೆ ಎಂದು ಹೋದ.

ಎರಡು ದಿನ ಸುಶೀಲ ಒಲೆಯ ಪಕ್ಕ, ಗೋಣಿಚೀಲದ ಮೇಲೆ ಆ ಹೇಂಟೆಯನ್ನು ಇಟ್ಟುಕೊಂಡು ಚಮಚದಲ್ಲಿ ನೀರು ಹನಿಸಿದಳು. ನನಗೆ ಊಟ ಬಡಿಸಿದಳು, ಕಾಫಿ ಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ. ಎರಡನೆಯ ದಿನ ನಾನು ಬಾಗಿಲ ಬಳಿ ನಿಂತದ್ದನ್ನು ನೋಡಿ ತಲೆ ಎತ್ತದೆಯೇ ಹೇಳಿದಳು: "ಅವ್ವನ ಕೈ ತಾಕಿರೋದು ಅಂತ ನನ್ನತ್ರ ಇರಾದು ಇದೊಂದೇ ಕಣ್ರೀ. ಸೀರೆ ಆಗಿದ್ರೆ ಬೀರುನಲ್ಲಿಟ್ಟು ಬೀಗ ಹಾಕ್ತಿದ್ದೆ."

ನನಗೆ ನಾಚಿಕೆಯಾಯಿತು. ತಪ್ಪು ಮಾಡಿದ್ದಕ್ಕಿಂತ ಹೆಚ್ಚಾಗಿ, ಅವಳು ಹೇಳಿದ್ದಳಲ್ಲ, ನಾನು ಅದನ್ನು ಧ್ವನಿಯಿಂದ ಮುಚ್ಚಿದೆನಲ್ಲ ಎಂದು ನಾಚಿಕೆಯಾಯಿತು. ಹಾರೆ ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಹೋದೆ. ಕೂಲಿಯವರನ್ನು ಕರೆಯಲಿಲ್ಲ. ಹೊಗೆಸೊಪ್ಪಿನ ಒಂದು ಚೂರೂ ಉಳಿಯದಂತೆ ಮೇಲ್ಮಣ್ಣನ್ನು ಗೇಣಾಳ ಕೆತ್ತಿ ತೆಗೆದೆ. ಹೊಸ ಮಣ್ಣು ಹೊತ್ತು ತಂದು, ಗೂಡಿನ ಕಡೆ ಎತ್ತರ ಮಾಡಿ, ಹಿಂದಿನ ಚರಂಡಿಯ ಕಡೆ ಇಳಿಜಾರು ಕೊಟ್ಟೆ. ಇಷ್ಟು ದಿನ ನೆಲದ ಮೇಲೆ ಏನು ಹಾಸಲಿ ಎಂದು ಊರೂರು ಸುತ್ತಿದವನು ನೀರು ಯಾವ ಕಡೆ ಹರಿಯುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಮೂರನೆಯ ದಿನ ಬೂದು ಹೇಂಟೆ ಎದ್ದು ನಿಂತು ಅಡುಗೆಮನೆಯ ಟೈಲ್ಸಿನ ಮೇಲೆ ಹಿಕ್ಕೆ ಹಾಕಿತು. ನಮ್ಮ ಮನೆಯಲ್ಲಿ ಅಷ್ಟು ಸಂತೋಷದಿಂದ ನೆಲ ಒರೆಸಿದ ದಿನ ಇನ್ನೊಂದಿಲ್ಲ.

ಅಂದೇ ಸಂಜೆ ಕಾಂಪೌಂಡಿನ ಆಚೆಯಿಂದ ಶಾರದಮ್ಮನವರು ಕರೆದರು. ನಾನು ಗಡುವಿನ ಮಾತೇ ಬಂತೆಂದು ತಲೆ ತಗ್ಗಿಸಿಕೊಂಡು ಹೋದೆ. ಅವರ ಕೈಯಲ್ಲಿ ಒಂದು ದೊಡ್ಡ ಮಂಕರಿಯಿತ್ತು, ತುಂಬ ಹಲಸಿನ ಮತ್ತು ಮಾವಿನ ತರಗೆಲೆ. "ಸುಶೀಲಾ ಅಳ್ತಿದ್ದದ್ದು ಕೇಳಿಸ್ತು, ಮೇಷ್ಟ್ರೇ. ನಮ್ಮ ತವರಲ್ಲಿ ಕೊಟ್ಟಿಗೇಲಿ ಕರುವಿಗೆ ತರಗೆಲೆ ಹಾಸ್ತಿದ್ವು. ಕಾಲಿಗೆ ಬೆಚ್ಚಗಿರುತ್ತೆ, ನೀರು ಕೆಳಗಿಳಿಯುತ್ತೆ. ನಾನು ದಿನಾ ಗುಡಿಸಿ ಸುಡ್ತೀನಿ. ಕರುವಿಗೆ ಆಗೋದು ಕೋಳಿಗೆ ಆಗಲ್ವೇ?" ಎಂದು ಮಂಕರಿಯನ್ನು ಗೋಡೆಯ ಮೇಲಿಟ್ಟರು. ಮೊಟ್ಟೆಯನ್ನು ಕಣ್ಣಿನಿಂದಲೂ ಮುಟ್ಟದವರು! ನಾಲ್ಕು ತಾಲ್ಲೂಕುಗಳಲ್ಲಿ ನಾನು ಹುಡುಕಿದ ವಸ್ತು ಪ್ರತಿದಿನ ಬೆಳಗ್ಗೆ ನನ್ನ ಗೋಡೆಯಾಚೆ ಸುಟ್ಟು ಬೂದಿಯಾಗುತ್ತಿತ್ತು.

ಈ ಸಲ ನಾನೇ ಹರಡಲಿಲ್ಲ. ಮಂಕರಿಯನ್ನು ಒಳಗೆ ತಂದು ಸುಶೀಲಳ ಮುಂದಿಟ್ಟು, ಏನು ಮಾಡೋಣ ಎಂದು ಕೇಳಿದೆ. ಅವಳು ಒಂದು ಹಿಡಿ ಎಲೆ ತೆಗೆದು ಮೂಸಿದಳು, ಅಂಗೈಯಲ್ಲಿ ಪುಡಿಮಾಡಿದಳು, ಇನ್ನೂ ನಾಲ್ಕು ಮಂಕರಿ ಬೇಕಾಗುತ್ತದೆ ಎಂದಳು. ಮರುದಿನದಿಂದ ಗೋಡೆಯ ಮೇಲೆ ಮಂಕರಿ ತಪ್ಪಲಿಲ್ಲ. ಎಲೆಯ ಹಾಸು ಗೇಣು ದಪ್ಪವಾಯಿತು. ಕೋಳಿಗಳು ಅದನ್ನು ಕೆರೆದು, ತಿರುವಿ, ಹುಳ ಹೆಕ್ಕಿ, ಹಿಕ್ಕೆಯನ್ನು ತಾವೇ ಅಡಿಗೆ ತಳ್ಳಿದವು. ವಾಸನೆ ಹೋಯಿತು. ಅಡಿಯ ಕರಗಿದ ಎಲೆಯನ್ನು ಮಂಕರಿಯಲ್ಲಿ ತುಂಬಿ ನಾವು ಆಚೆಗೆ ಕೊಡತೊಡಗಿದೆವು, ಅದು ಶಾರದಮ್ಮನವರ ದಾಸವಾಳದ ಬುಡ ಸೇರಿತು. ಆ ಹೂವು ಯಾವ ದೇವರ ಮುಡಿಗೆ ಏರುತ್ತದೆಂದು ನಾನು ಹೇಳಬೇಕಿಲ್ಲ. "ನಮ್ಮನೆಯವರಿಗೆ ಮಾತ್ರ ಹೇಳ್ಬೇಡಿ" ಎಂದು ಅವರು ಆಣೆ ಹಾಕಿಸಿಕೊಂಡಿದ್ದಾರೆ. ಯಜಮಾನರು ಈ ಪ್ರಬಂಧ ಓದುವುದಿಲ್ಲವೆಂಬ ಧೈರ್ಯದಿಂದ ಬರೆದಿದ್ದೇನೆ.

ಆದರೂ ಬೂದು ಹೇಂಟೆ ಅಡುಗೆಮನೆಯಲ್ಲೇ ಇತ್ತು. ಹುಂಜನೂ ಸೇರಿ ಉಳಿದ ನಾಲ್ಕೂ ಅಂಗಳದಲ್ಲಿ ಸುಖವಾಗಿದ್ದರೂ ಸುಶೀಲ ಅದನ್ನು ಬಿಡಲು ಒಪ್ಪಲಿಲ್ಲ, ನಾನು ಒತ್ತಾಯಿಸುವ ಅಧಿಕಾರ ಕಳೆದುಕೊಂಡಿದ್ದೆ. ಹಬ್ಬದ ಹಿಂದಿನ ದಿನ ಬೆಳಗಿನಿಂದ ಮಳೆ ಜಡಿಯಿತು. ಮಧ್ಯಾಹ್ನ ಹೊಳವಾದಾಗ ಅವಳು ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿತ್ತಲಿಗೆ ಬಂದಳು. ನಾನು ತಂತಿಬಲೆಯ ಹೊರಗೆ ನಿಂತಿದ್ದೆ. ಅವಳು ಬಾಗಿಲ ಬಳಿ ಚಪ್ಪಲಿ ಕಳಚಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒಳಗೆ ಹೋಗಿ ಆ ಎಲೆಯ ಮೇಲೆ ಗೂಡಿನಿಂದ ಚರಂಡಿಯವರೆಗೆ ನಿಧಾನವಾಗಿ ನಡೆದಳು. ತಿರುಗಿ ಬಂದಳು. ಒಂದು ಕಾಲೆತ್ತಿ ಅಂಗಾಲು ನೋಡಿಕೊಂಡಳು, ಇನ್ನೊಂದನ್ನೂ ನೋಡಿಕೊಂಡಳು. ಮೂರು ತಿಂಗಳಿಂದ ಆ ನೆಲದ ಬಗ್ಗೆ ಅಷ್ಟೊಂದು ಮಾತಾಡಿದ ನಾನು ಒಂದು ದಿನವೂ ಅಲ್ಲಿ ಬರಿಗಾಲಿಟ್ಟವನಲ್ಲ. ಕೋಳಿಗಳಿಗೆ ಬರಿಗಾಲಲ್ಲದೆ ಬೇರೆ ಕಾಲೇ ಇಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಅವಳು ಬಗ್ಗಿ ಹೇಂಟೆಯನ್ನು ಕೆಳಗೆ ಬಿಟ್ಟಳು. ಅದು ಒಂದು ಕ್ಷಣ ನಿಂತು, ಎಡಗಾಲಿನಿಂದೊಮ್ಮೆ ಬಲಗಾಲಿನಿಂದೊಮ್ಮೆ ಕೆರೆದು, ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲೇನೋ ಹೆಕ್ಕಿ ನುಂಗಿತು. ಈಗ ಯಾರಾದರೂ ಕೋಳಿಯ ಅಂಗಳಕ್ಕೆ ಏನು ಹಾಸುವುದು ಮೇಷ್ಟ್ರೇ ಎಂದು ಕೇಳಿದರೆ ನಾನು ಮೊದಲಿನಷ್ಟೇ ಗಟ್ಟಿಯಾಗಿ ಉತ್ತರ ಹೇಳುತ್ತೇನೆ, ಆದರೆ ಮೊದಲು ಅವರ ಕಾಲಲ್ಲಿ ಚಪ್ಪಲಿ ಇದೆಯೇ ಎಂದು ನೋಡುತ್ತೇನೆ.

ಅಂದು ಸುಶೀಲ ಹೇಂಟೆಯಿಂದ ಕಣ್ಣು ತೆಗೆದು, ಹದಿನೈದು ದಿನಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿ ನಕ್ಕಳು. "ಅಲ್ಲೇ ಯಾಕೆ ನಿಂತಿದ್ದೀರಿ? ಚಪ್ಪಲಿ ಬಿಟ್ಟು ಒಳೀಕೆ ಬನ್ರೀ" ಅಂದಳು.